ಸದನದ ಬೀಗದ ಕೈ ಯಾರ ಹತ್ತಿರ ಇರಬೇಕು?

ಪ್ರಶ್ನೆ: ಕುಮಟಾದಲ್ಲಿ ನಾವು ನಾಲ್ಕೈದು ಜನ ನಿವೃತ್ತರು ಸಂಜೆ ಹೊತ್ತು ಸೇರುತ್ತೇವೆ. ಎಲ್ಲರೂ ಪತ್ರಿಕೆ ಓದುವವರು, ಒಬ್ಬೊಬ್ಬರು ಒಂದೊಂದು ಪಕ್ಷಕ್ಕೆ ಒಲಿದವರು. 2023ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ 146 ಸಂಸದರನ್ನು ಅಮಾನತು ಮಾಡಿದಾಗ ‘ಪ್ರಜಾಪ್ರಭುತ್ವದ ಕೊಲೆ’ ಎಂದ ಗೆಳೆಯರೇ, 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ 18 ಶಾಸಕರನ್ನು ಆರು ತಿಂಗಳು ಹೊರಗಿಟ್ಟಾಗ ‘ಸದನದಲ್ಲಿ ಶಿಸ್ತು ಬೇಡವೇ’ ಎಂದರು. ದೆಹಲಿಯದನ್ನು ಶಿಸ್ತು ಎಂದಿದ್ದವರಿಗೆ ಬೆಂಗಳೂರಿನದು ಕೊಲೆಯಾಗಿ ಕಂಡಿತು. ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ, 2019ರಲ್ಲಿ ಅಲ್ಲಿಯ ಪ್ರಧಾನಿ ಸಂಸತ್ತನ್ನೇ ಐದು ವಾರ ಮುಚ್ಚಿಸಲು ಹೋದದ್ದನ್ನೂ ಕೋರ್ಟು ತೆರೆಸಿದ್ದನ್ನೂ ಹೇಳುತ್ತಾನೆ. ನಮ್ಮಲ್ಲೂ ಸರ್ಕಾರಕ್ಕೆ ಬೇಡವಾದಾಗ ಸದನ ಮುಚ್ಚಬಹುದೇ? ರಾಜ್ಯಪಾಲರು ತಾವಾಗಿಯೇ ಮುಚ್ಚಬಹುದೇ? ಮುಚ್ಚಿದರೆ ಮಸೂದೆ, ಪ್ರಶ್ನೆಗಳ ಗತಿ ಏನು? ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಮಾತು ಅಧಿವೇಶನದಲ್ಲಿ ಎದ್ದು ಅಲ್ಲಿಯೇ ನಿಂತುಹೋಗುವುದನ್ನು ನೋಡಿ ಇದನ್ನು ಕೇಳುತ್ತಿದ್ದೇನೆ. ಸುಧಾರಣೆ ಬೇಕೆಂದು ಎಲ್ಲ ಪಕ್ಷದವರೂ ಹೇಳುತ್ತಾರೆ. ಅದರಲ್ಲಿ ಕೆಲಸಕ್ಕೆ ಬರುವುದು ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಸದನದ ಬಾಯಿ ಮುಚ್ಚಿಸುವ ದಾರಿಗಳು ಎಷ್ಟಿವೆ, ಅವುಗಳಿಗೆ ತಡೆ ಏನಿದೆ ಎಂಬುದು ಒಂದು. ಒಂದೇ ಕೆಲಸವನ್ನು ತಮ್ಮವರು ಮಾಡಿದರೆ ಸರಿ, ಎದುರಿನವರು ಮಾಡಿದರೆ ತಪ್ಪು ಎನ್ನುವ ಈ ಚಾಳಿ ಎಲ್ಲಿಂದ ಬಂತು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಮೊದಲನೆಯದರಲ್ಲೇ ಇದೆ. ಹಾಗಾಗಿ ಅಲ್ಲಿಂದ ಶುರು ಮಾಡುತ್ತೇನೆ.

ಯಾವುದು ಯಾರ ಕೈಯಲ್ಲಿದೆ

ಪತ್ರಿಕೆಯ ತಲೆಬರಹಗಳಲ್ಲಿ ಎಲ್ಲವೂ ಒಂದೇ ಥರ ಕಂಡರೂ ಇಲ್ಲಿ ಬೇರೆ ಬೇರೆ ಕ್ರಮಗಳಿವೆ. ಗಲಾಟೆಯಾದಾಗ ಕಲಾಪವನ್ನು ಮಧ್ಯಾಹ್ನಕ್ಕೋ ನಾಳೆಗೋ ಅನಿರ್ದಿಷ್ಟಾವಧಿಗೋ ಮುಂದೂಡುವುದು ಸ್ಪೀಕರ್ ಅಥವಾ ಸಭಾಪತಿಯ ಅಧಿಕಾರ. ಅಧಿವೇಶನವನ್ನೇ ಮುಕ್ತಾಯಗೊಳಿಸುವುದು, ಅಂದರೆ ಪ್ರೊರೋಗ್ ಮಾಡುವುದು, ಸಂವಿಧಾನದ 85ನೇ ವಿಧಿಯಂತೆ ರಾಷ್ಟ್ರಪತಿಯವರ, 174ನೇ ವಿಧಿಯಂತೆ ರಾಜ್ಯಪಾಲರ ಕೆಲಸ. ಅವರು ಅದನ್ನು ಮಾಡುವುದು ಸಚಿವ ಸಂಪುಟದ ಸಲಹೆಯ ಮೇರೆಗೆ. ಲೋಕಸಭೆಯನ್ನೋ ವಿಧಾನಸಭೆಯನ್ನೋ ವಿಸರ್ಜಿಸಿದರೆ ಸದನವೇ ಮುಗಿದು ಚುನಾವಣೆ ಬರುತ್ತದೆ. ಸದಸ್ಯರ ಅಮಾನತು ಇವೆಲ್ಲಕ್ಕಿಂತ ಬೇರೆ: ಸದನ ನಡೆಯುತ್ತಿರುತ್ತದೆ, ಕೆಲವರು ಹೊರಗಿರುತ್ತಾರೆ.

ರಾಜ್ಯಪಾಲರು ಮನಸ್ಸಿಗೆ ಬಂದಾಗ ಸದನ ಮುಚ್ಚಬಹುದು ಎಂಬ ನಂಬಿಕೆ ರಾಜಕಾರಣಿಗಳಲ್ಲೂ ಇದೆ. 2022ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದ ಜಗದೀಪ್ ಧನಕರ್ ಅಲ್ಲಿನ ವಿಧಾನಸಭೆಯ ಅಧಿವೇಶನ ಮುಕ್ತಾಯಗೊಳಿಸಿದ ಆದೇಶ ಹೊರಬಿದ್ದಾಗ ದೊಡ್ಡ ಗದ್ದಲವಾಯಿತು. ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಕೂಡ ಖಂಡಿಸಿದರು. ನೋಡಿದರೆ ಆ ಆದೇಶಕ್ಕೆ ಶಿಫಾರಸು ಹೋದದ್ದು ಮಮತಾ ಬ್ಯಾನರ್ಜಿಯವರ ಸರ್ಕಾರದಿಂದಲೇ. ಆದೇಶದ ಕೆಳಗೆ ಯಾರ ಸಹಿ ಇದೆ ಎಂದು ನೋಡಿ ಸಿಟ್ಟಾದವರು, ಕಡತ ಎಲ್ಲಿಂದ ಹೊರಟಿತು ಎಂದು ನೋಡಿರಲಿಲ್ಲ. ಸದನ ಕರೆಯುವ ವಿಚಾರದಲ್ಲೂ ರಾಜ್ಯಪಾಲರು ಸಂಪುಟದ ಸಲಹೆ ಮೀರುವಂತಿಲ್ಲ ಎಂದು ಅರುಣಾಚಲ ಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಜುಲೈನಲ್ಲಿ ಹೇಳಿದೆ.

ಅಧಿವೇಶನ ಮುಗಿದರೆ ಮಸೂದೆ ಸಾಯುತ್ತದೆ ಎಂಬುದು ಇಂಗ್ಲೆಂಡಿನ ಮಟ್ಟಿಗೆ ಬಹುತೇಕ ನಿಜ, ನಮ್ಮಲ್ಲಿ ಅಲ್ಲ. ನಮ್ಮ ಸಂವಿಧಾನದ 107(3) ಮತ್ತು 196(3)ನೇ ವಿಧಿಗಳು ಬಾಕಿ ಇರುವ ಮಸೂದೆಯನ್ನು ಉಳಿಸುತ್ತವೆ. ಲೋಕಸಭೆಯ ಸಮಿತಿಗಳ ಮುಂದಿನ ಕೆಲಸವೂ ಬೀಳುವುದಿಲ್ಲ. ಬೀಳುವುದು ಸದಸ್ಯರು ಕೊಟ್ಟ ಸೂಚನೆಗಳು. ಲೋಕಸಭೆಯ 335ನೇ ನಿಯಮದಂತೆ, ಮಸೂದೆ ಮಂಡನೆಯ ಸೂಚನೆ ಒಂದನ್ನು ಬಿಟ್ಟು ಉಳಿದ ಬಾಕಿ ಸೂಚನೆಗಳೆಲ್ಲ ಅಧಿವೇಶನದೊಂದಿಗೇ ಕೊನೆಯಾಗುತ್ತವೆ. ನಿಮ್ಮ ಆಸ್ಪತ್ರೆಯ ವಿಷಯಕ್ಕೆ ಇದು ನೇರವಾಗಿ ತಾಗುತ್ತದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಲಂಡನ್‌ನಲ್ಲಿ ಆದದ್ದೇನು

ನಿಮ್ಮ ಅಳಿಯ ಹೇಳಿದ್ದು ಸರಿ. ಆದರೆ ವಿವರ ನೋಡಿದರೆ ಅಲ್ಲಿ ಎರಡೂ ಕಡೆಯ ಬಣ್ಣ ಕಾಣುತ್ತದೆ. ಪ್ರಧಾನಿ ಬೋರಿಸ್ ಜಾನ್ಸನ್ ಸಲಹೆಯಂತೆ 2019ರ ಆಗಸ್ಟ್ 28ರಂದು ರಾಣಿಯ ಆದೇಶ ಹೊರಟಿತು: ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ 14ರವರೆಗೆ ಸಂಸತ್ತು ಇಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಗಡುವು ಅಕ್ಟೋಬರ್ 31. ಒಪ್ಪಂದವಿಲ್ಲದೆಯೇ ಹೊರಬೀಳಬೇಕೇ ಎಂಬ ಪ್ರಶ್ನೆ ಸದನದ ಮುಂದಿತ್ತು.

ಸರ್ಕಾರ ಕೊಟ್ಟ ಕಾರಣ ಪೂರ್ತಿ ಸುಳ್ಳಲ್ಲ. 2017ರಲ್ಲಿ ಶುರುವಾದ ಆ ಅಧಿವೇಶನ ಶತಮಾನಗಳಲ್ಲೇ ಅತಿ ದೀರ್ಘವಾಗಿತ್ತು. ಅದನ್ನು ಮುಗಿಸಿ ಹೊಸ ಕಾರ್ಯಕ್ರಮ ಮುಂದಿಡುವುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹಾಗೆ ಮುಗಿಸಿ ಶುರು ಮಾಡಲು ಅಲ್ಲಿ ಸಾಮಾನ್ಯವಾಗಿ ಹಿಡಿಯುವುದು ಒಂದು ವಾರಕ್ಕಿಂತ ಕಡಿಮೆ. ಐದು ವಾರ ಏಕೆ ಬೇಕು ಎಂಬುದಕ್ಕೆ ಉತ್ತರ ಬರಲಿಲ್ಲ. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಆದೇಶವನ್ನು ರದ್ದು ಮಾಡಿದರು. ಪ್ರಧಾನಿಯ ಮನಸ್ಸಿನಲ್ಲಿ ಏನಿತ್ತು ಎಂಬುದರ ತಂಟೆಗೆ ಕೋರ್ಟು ಹೋಗಲಿಲ್ಲ. ಸದನ ತನ್ನ ಕೆಲಸ ಮಾಡದಂತೆ ತಡೆಯುವ ಪರಿಣಾಮ ಇದರಿಂದ ಆಗುತ್ತದೆಯೇ, ಆಗುವುದಾದರೆ ಅದಕ್ಕೆ ತಕ್ಕ ಕಾರಣ ಕೊಟ್ಟಿದ್ದಾರೆಯೇ ಎಂದಷ್ಟೇ ನೋಡಿತು. ಮರುದಿನವೇ ಸದನ ಸೇರಿತು.

ಇನ್ನು ಬಣ್ಣದ ಮಾತು. ಅದೇ ವರ್ಷದ ಜೂನ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದ್ದ ಮ್ಯಾಟ್ ಹ್ಯಾನ್‌ಕಾಕ್, ಸಂಸತ್ತು ಮುಚ್ಚುವುದು ಮಹಾಯುದ್ಧದಲ್ಲಿ ಮಡಿದವರ ತ್ಯಾಗಕ್ಕೇ ವಿರುದ್ಧ ಎಂದಿದ್ದರು. ಆಗಸ್ಟ್‌ನಲ್ಲಿ ಮುಚ್ಚುವ ಆದೇಶ ಬಂದಾಗ ಅವರು ಜಾನ್ಸನ್ ಸಂಪುಟದ ಸಚಿವರು, ರಾಜೀನಾಮೆ ಕೊಡಲಿಲ್ಲ. ಜಾನ್ಸನ್ ವಿರುದ್ಧ ಕೋರ್ಟಿಗೆ ಹೋದವರ ಪರ ನಿಂತ ಮಾಜಿ ಪ್ರಧಾನಿ ಜಾನ್ ಮೇಜರ್, 1997ರಲ್ಲಿ ತಾವೇ ಚುನಾವಣೆಗೆ ವಾರಗಟ್ಟಲೆ ಮೊದಲು ಸಂಸತ್ತನ್ನು ಮುಗಿಸಿದ್ದರು. ಹಣ ಪಡೆದು ಪ್ರಶ್ನೆ ಕೇಳಿದ ಸಂಸದರ ಕುರಿತ ತನಿಖಾ ವರದಿ ಹೊರಬಾರದಿರಲೆಂದೇ ಹೀಗೆ ಮಾಡಿದರು ಎಂಬ ಆರೋಪ ಅವರ ಮೇಲಿತ್ತು. ಲೇಬರ್ ಪಕ್ಷವೂ ಹೊರತಲ್ಲ. ಮೇಲ್ಮನೆಯ ಅಧಿಕಾರ ಕಡಿತದ ಮಸೂದೆ ಬೇಗ ಪಾಸಾಗಲೆಂದು 1948ರಲ್ಲಿ ಆಟ್ಲಿ ಸರ್ಕಾರ ಕೆಲವೇ ವಾರಗಳ ಅಧಿವೇಶನವೊಂದನ್ನು ನಡುವೆ ತುರುಕಿತ್ತು. ಎರಡು ವರ್ಷ ಚುನಾವಣೆ ಬೇಕು ಎನ್ನುತ್ತಿದ್ದ ವಿರೋಧ ಪಕ್ಷ, 2019ರ ಸೆಪ್ಟೆಂಬರ್‌ನಲ್ಲಿ ಜಾನ್ಸನ್ ಚುನಾವಣೆಗೆ ಸಿದ್ಧ ಎಂದಾಗ ಎರಡು ಸಲ ಒಪ್ಪಲಿಲ್ಲ. ಒಪ್ಪಂದವಿಲ್ಲದ ನಿರ್ಗಮನ ತಪ್ಪಲಿ, ಆಮೇಲೆ ಚುನಾವಣೆ ಎಂಬ ಅವರ ವಾದದಲ್ಲಿ ಹುರುಳಿತ್ತು. ಆದರೆ ಜನರಿಗೆ ಕಂಡದ್ದು ಲೆಕ್ಕಾಚಾರವೇ.

ಕೆನಡಾದ ಕಥೆ ಇನ್ನೂ ಸ್ಪಷ್ಟ. ಅವಿಶ್ವಾಸ ಮತ ಎದುರಿಸಬೇಕಾಗಿದ್ದ ಕನ್ಸರ್ವೇಟಿವ್ ಪ್ರಧಾನಿ ಸ್ಟೀಫನ್ ಹಾರ್ಪರ್ 2008ರ ಡಿಸೆಂಬರ್ 4ರಂದು, ಜನವರಿ ಕೊನೆಯವರೆಗೆ ಸಂಸತ್ತು ಮುಚ್ಚಿಸಿ ಅಧಿಕಾರ ಉಳಿಸಿಕೊಂಡರು. ಮರುವರ್ಷ ಅಫ್ಘಾನಿಸ್ತಾನದ ಕೈದಿಗಳ ವಿಚಾರ ಸಮಿತಿಯಲ್ಲಿ ಬಿಸಿಯಾಗಿದ್ದಾಗ ಮತ್ತೆ ಅದೇ ಮಾಡಿದರು. ಜನ ಬೀದಿಗಿಳಿದರು. ಕಷ್ಟದಿಂದ ಪಾರಾಗಲು ನಾವು ಹೀಗೆ ಮಾಡುವುದಿಲ್ಲ ಎಂದು ಲಿಬರಲ್ ಪಕ್ಷ 2015ರ ಪ್ರಣಾಳಿಕೆಯಲ್ಲೇ ಬರೆಯಿತು, ಗೆದ್ದಿತು. 2020ರ ಆಗಸ್ಟ್‌ನಲ್ಲಿ ಒಂದು ದತ್ತಿ ಸಂಸ್ಥೆಗೆ ಕೊಟ್ಟ ಗುತ್ತಿಗೆಯನ್ನು ಸಮಿತಿಗಳು ಕೆದಕುತ್ತಿದ್ದಾಗ ಜಸ್ಟಿನ್ ಟ್ರುಡೊ ಸಂಸತ್ತು ಮುಚ್ಚಿಸಿದರು. 2025ರ ಜನವರಿಯಲ್ಲಿ ತಮ್ಮ ರಾಜೀನಾಮೆಯ ಹೊತ್ತಿಗೆ, ಪಕ್ಷ ಹೊಸ ನಾಯಕನನ್ನು ಆರಿಸಿಕೊಳ್ಳಲೆಂದು, ಮಾರ್ಚ್ 24ರವರೆಗೆ ಮತ್ತೆ ಮುಚ್ಚಿಸಿದರು. ಈ ಸಲ ಅಲ್ಲಿನ ಕೋರ್ಟು ಅದನ್ನು ರದ್ದು ಮಾಡಲು ಒಪ್ಪಲಿಲ್ಲ.

ಇಷ್ಟು ಹೇಳಿದ್ದು ಎಲ್ಲರೂ ಕಳ್ಳರು ಎನ್ನಲಿಕ್ಕಲ್ಲ. ಹಾಗೆಂದು ಕೈ ತೊಳೆದುಕೊಂಡರೆ ಯಾವುದೂ ಸರಿಯಾಗುವುದಿಲ್ಲ. ಈ ಎಲ್ಲ ಪ್ರಕರಣಗಳಲ್ಲಿ ಸಮಾನವಾದದ್ದು ಒಂದಿದೆ: ಸದನಕ್ಕೆ ಉತ್ತರ ಹೇಳಬೇಕಾದ ಸಂಪುಟವೇ ಸದನ ಯಾವಾಗ ಸೇರಬೇಕು, ಯಾವಾಗ ಏಳಬೇಕು ಎಂದು ತೀರ್ಮಾನಿಸುತ್ತದೆ. ಪರೀಕ್ಷೆ ಬರೆಯಬೇಕಾದ ಹುಡುಗನ ಕೈಗೇ ಶಾಲೆಯ ಬೀಗದ ಕೈ ಕೊಟ್ಟ ಹಾಗೆ. ವಿರೋಧ ಪಕ್ಷದಲ್ಲಿದ್ದಾಗ ಆ ಬೀಗದ ಕೈ ಅನ್ಯಾಯವಾಗಿ ಕಾಣುತ್ತದೆ, ಅಧಿಕಾರ ಸಿಕ್ಕಾಗ ಅನುಕೂಲವಾಗಿ ಕಾಣುತ್ತದೆ. ನಿಯಮ ಹಾಗೆಯೇ ಇರುವವರೆಗೆ ವ್ಯಕ್ತಿ ಬದಲಾದರೂ ನಡತೆ ಬದಲಾಗುವುದಿಲ್ಲ.

ನಮ್ಮಲ್ಲಿ ನಷ್ಟ ಎಲ್ಲಿ ಆಗುತ್ತದೆ

ಭಾರತದಲ್ಲಿ ಹೆಚ್ಚಿನ ನಷ್ಟವಾಗುವುದು ಸದನವನ್ನು ಸಕಾಲಕ್ಕೆ ತೆರೆಯದಿರುವುದರಿಂದ. ಒಂದು ಅಧಿವೇಶನದ ಕೊನೆಯ ಬೈಠಕ್ಕಿಗೂ ಮುಂದಿನದರ ಮೊದಲ ಬೈಠಕ್ಕಿಗೂ ನಡುವೆ ಆರು ತಿಂಗಳು ಮೀರಬಾರದು ಎಂಬುದೊಂದೇ ಸಂವಿಧಾನದ ಕಟ್ಟಳೆ. ವರ್ಷಕ್ಕೆ ಎರಡು ಸಲ, ಒಂದೊಂದು ದಿನ ಸೇರಿದರೂ ಅಕ್ಷರಶಃ ಪಾಲಿಸಿದಂತೆಯೇ ಆಯಿತು.

2020ನೇ ವರ್ಷವನ್ನೇ ತೆಗೆದುಕೊಳ್ಳಿ. ಮಾರ್ಚ್‌ನಲ್ಲಿ ಮಧ್ಯಪ್ರದೇಶದಲ್ಲಿ ಕಮಲನಾಥ್ ಸರ್ಕಾರ ಬಹುಮತ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದಾಗ ಅಲ್ಲಿನ ಸ್ಪೀಕರ್ ಕೊರೊನಾ ಕಾರಣ ಹೇಳಿ ಕಲಾಪವನ್ನು 26ನೇ ತಾರೀಖಿಗೆ ಮುಂದೂಡಿದರು. ಇದು ಅನ್ಯಾಯ ಎಂದು ಬಿಜೆಪಿ ಸುಪ್ರೀಂ ಕೋರ್ಟಿಗೆ ಹೋಯಿತು. 20ರಂದೇ ವಿಶ್ವಾಸಮತ ಆಗಬೇಕೆಂದು ಕೋರ್ಟು ಹೇಳಿತು. ಜುಲೈನಲ್ಲಿ ರಾಜಸ್ಥಾನದಲ್ಲಿ ಅಶೋಕ್ ಗೆಹ್ಲೋಟ್ ಸಂಪುಟ ಅಧಿವೇಶನ ಕರೆಯಿರಿ ಎಂದರೆ ರಾಜ್ಯಪಾಲರು ಮತ್ತೆ ಮತ್ತೆ ಕಡತ ಹಿಂದಕ್ಕೆ ಕಳಿಸಿದರು. ಅವರು ಎತ್ತಿದ ಪ್ರಶ್ನೆಗಳಲ್ಲಿ ಕೊರೊನಾ ಅಂತರವೂ ಒಂದು. ಈಗ ಕಾಂಗ್ರೆಸ್ ಸದನ ಕರೆಯಿರಿ ಎನ್ನುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಪ್ರಶ್ನೋತ್ತರ ಅವಧಿಯೇ ಇಲ್ಲದೆ ನಡೆದ ಸಂಸತ್ ಅಧಿವೇಶನದಲ್ಲಿ ಮೂರು ಕೃಷಿ ಮಸೂದೆಗಳು ಪಾಸಾದವು. ರೈತರು ದೆಹಲಿ ಗಡಿಯಲ್ಲಿ ಕುಳಿತಿದ್ದಾಗಲೇ ಕೊರೊನಾ ಕಾರಣ ಹೇಳಿ ಚಳಿಗಾಲದ ಅಧಿವೇಶನ ಕೈಬಿಟ್ಟರು. ಅದೇ ಅಕ್ಟೋಬರ್–ನವೆಂಬರ್‌ನಲ್ಲಿ ಬಿಹಾರದ ಚುನಾವಣೆ ನಡೆದಿತ್ತು. ಮುಂದೆ ಸಂಸತ್ತು ಸೇರಿದ್ದು 2021ರ ಜನವರಿ 29ಕ್ಕೆ. ನಾಲ್ಕು ತಿಂಗಳ ಅಂತರ, ಆರು ತಿಂಗಳ ಒಳಗೇ ಇದೆ, ಹಾಗಾಗಿ ಕಾನೂನಿನ ಉಲ್ಲಂಘನೆ ಅಲ್ಲ. ಒಂದೇ ರೋಗ, ಮೂರು ಸದನ, ಪಕ್ಷಗಳ ವಾದ ಮಾತ್ರ ಅದಲುಬದಲು.

ಸದನವನ್ನು ಎದುರಿಸದೆ ಉಳಿಯುವ ಚಾಳಿ ಹೊಸದೂ ಅಲ್ಲ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರೂ ಅಂದಿನ ರಾಜ್ಯಪಾಲರು ಅವಕಾಶ ಕೊಡಲಿಲ್ಲ, ಕೇಂದ್ರದಲ್ಲಿದ್ದ ಕಾಂಗ್ರೆಸ್ ಸರ್ಕಾರ ಅವರ ಸರ್ಕಾರವನ್ನು ವಜಾ ಮಾಡಿತು. ಬಹುಮತ ಪರೀಕ್ಷೆಯಾಗಬೇಕಾದ ಜಾಗ ರಾಜಭವನವಲ್ಲ, ಸದನ ಎಂದು 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಆ ಪ್ರಕರಣದಲ್ಲೇ. ಇದಕ್ಕೆ ಎದುರಾಗಿ ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರನ್ನು ನೆನೆಯಬೇಕು. 1984ರ ಲೋಕಸಭಾ ಚುನಾವಣೆಯಲ್ಲಿ ತಮ್ಮ ಪಕ್ಷ ರಾಜ್ಯದಲ್ಲಿ ನೆಲಕಚ್ಚಿದಾಗ ಅವರು ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜಿಸಿ 1985ರಲ್ಲಿ ಜನರ ಮುಂದೆ ಹೋದರು. ಅದರಲ್ಲೂ ರಾಜಕೀಯ ಲೆಕ್ಕ ಇತ್ತು ಎನ್ನುವವರಿದ್ದಾರೆ, ಇದ್ದಿರಬಹುದು. ಆದರೆ ವಿಸರ್ಜನೆಯಲ್ಲಿ ಕೊನೆಯ ಮಾತು ಮತದಾರನದು. ಅಧಿವೇಶನ ಮುಕ್ತಾಯದಲ್ಲಿ ಕೊನೆಯ ಮಾತೂ ಸಂಪುಟದ್ದೇ.

ಇನ್ನೊಂದು ದಾರಿ ಸುಗ್ರೀವಾಜ್ಞೆ, ಅಂದರೆ ಸದನಕ್ಕೆ ಕಾಯದೆ ಸರ್ಕಾರ ಹೊರಡಿಸುವ ತಾತ್ಕಾಲಿಕ ಕಾನೂನು. ಎರಡೂ ಮನೆಗಳ ಅಧಿವೇಶನ ನಡೆಯುತ್ತಿದ್ದರೆ ಸುಗ್ರೀವಾಜ್ಞೆ ಹೊರಡಿಸುವಂತಿಲ್ಲ. ಒಂದು ಮನೆಯ ಅಧಿವೇಶನ ಮುಗಿದಿದ್ದರೂ ಸಾಕು. 2015ರ ಮಾರ್ಚ್ ಕೊನೆಗೆ ಬಜೆಟ್ ಅಧಿವೇಶನದ ನಡುವೆಯೇ ರಾಜ್ಯಸಭೆಯ ಅಧಿವೇಶನ ಮುಕ್ತಾಯಗೊಳಿಸಿ, ಏಪ್ರಿಲ್‌ನಲ್ಲಿ ಭೂಸ್ವಾಧೀನದ ಸುಗ್ರೀವಾಜ್ಞೆಯನ್ನು ಮತ್ತೆ ಹೊರಡಿಸಿದ್ದು ಹೀಗೆ. ಆಗ ಕಾಂಗ್ರೆಸ್ ಅದನ್ನು ಸಂಸತ್ತಿಗೆ ಮಾಡಿದ ವಂಚನೆ ಎಂದು ವಿರೋಧಿಸಿತು. 2013ರ ಜುಲೈನಲ್ಲಿ ಮುಂಗಾರು ಅಧಿವೇಶನ ಹತ್ತಿರದಲ್ಲೇ ಇದ್ದಾಗ ಆಹಾರ ಭದ್ರತೆಯ ಸುಗ್ರೀವಾಜ್ಞೆ ತಂದಿದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ, ಆಗ ಆಕ್ಷೇಪಿಸಿದ್ದು ಬಿಜೆಪಿ. ಬಿಹಾರದಲ್ಲಿ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಮತ್ತೆ ಮತ್ತೆ ಹೊರಡಿಸುತ್ತಾ ಜೀವಂತ ಇಟ್ಟಿದ್ದರು. 1986ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಂವಿಧಾನಕ್ಕೆ ಮಾಡಿದ ಮೋಸ ಎಂದಿತು.

ಪೀಠದಲ್ಲಿರುವವರೂ ಸದನಕ್ಕೆ ಬೀಗ ಹಾಕಬಲ್ಲರು. 2020ರ ಡಿಸೆಂಬರ್ 10ರಂದು ನಮ್ಮ ವಿಧಾನ ಪರಿಷತ್ತಿನ ಕಾಂಗ್ರೆಸ್ ಸಭಾಪತಿಯವರು, ತಮ್ಮ ಮೇಲೆಯೇ ಅವಿಶ್ವಾಸದ ಸೂಚನೆ ಇದ್ದಾಗ, ಗೋಹತ್ಯೆ ಮಸೂದೆ ಬಾಕಿ ಇದ್ದಾಗ ಕಲಾಪವನ್ನು ಅನಿರ್ದಿಷ್ಟಾವಧಿಗೆ ಮುಂದೂಡಿದರು. 15ರಂದು ಮತ್ತೆ ಸೇರಿದಾಗ ಉಪಸಭಾಪತಿಯನ್ನು ಪೀಠದಿಂದ ಎಳೆದ ದೃಶ್ಯ ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಬಿಜೆಪಿ ಸರ್ಕಾರ ಜನವರಿಯಲ್ಲಿ ಸುಗ್ರೀವಾಜ್ಞೆ ತಂದು, ಫೆಬ್ರವರಿಯಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ಪಾಸು ಮಾಡಿಸಿಕೊಂಡಿತು. ಗೋವಿನ ಮಸೂದೆಯ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಚರ್ಚೆಯಾಗಬೇಕಾದ ಮನೆಯಲ್ಲಿ ಅದು ಸರಿಯಾಗಿ ಚರ್ಚೆಯಾಗದಂತೆ ಎರಡೂ ಕಡೆಯವರು ನೋಡಿಕೊಂಡರು ಎಂದೇ ನಾನು ಹೇಳುವುದು.

146 ಮತ್ತು 18

ನಿಮ್ಮ ಗೆಳೆಯರ ಜಗಳಕ್ಕೆ ಬರೋಣ. ಎರಡೂ ಪ್ರಕರಣಗಳನ್ನು ಪಕ್ಷದ ಹೆಸರು ಮುಚ್ಚಿಟ್ಟು ನೋಡಿದರೆ ಉತ್ತರ ಅಷ್ಟೇನೂ ಕಷ್ಟವಲ್ಲ.

ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರು ಹೇಳಿಕೆ ಕೊಡಬೇಕೆಂದು ವಿರೋಧ ಪಕ್ಷದವರು ಪಟ್ಟು ಹಿಡಿದು ಗದ್ದಲ ಎಬ್ಬಿಸಿದ್ದು 2023ರ ಡಿಸೆಂಬರ್‌ನ ಹಿನ್ನೆಲೆ. ಲೋಕಸಭೆಯಿಂದ 100, ರಾಜ್ಯಸಭೆಯಿಂದ 46 ಮಂದಿ ಹೊರಗೆ. ಹೆಚ್ಚಿನವರ ಅಮಾನತು ಆ ಅಧಿವೇಶನದ ಮಟ್ಟಿಗೆ, ಹಾಗಾಗಿ ಅವಧಿಯ ವಿಷಯದಲ್ಲಿ ಕಾನೂನಿನ ಮಿತಿಯೊಳಗೇ ಇತ್ತು. ತಪ್ಪಾದದ್ದು ಪರಿಣಾಮದಲ್ಲಿ: ಭಾರತೀಯ ದಂಡ ಸಂಹಿತೆಯ ಬದಲಿಗೆ ಬಂದ ನ್ಯಾಯ ಸಂಹಿತೆಯೂ ಸೇರಿ ಮೂರು ಕ್ರಿಮಿನಲ್ ಮಸೂದೆಗಳು ಬಹುಪಾಲು ವಿರೋಧ ಪಕ್ಷವಿಲ್ಲದ ಲೋಕಸಭೆಯಲ್ಲಿ ಪಾಸಾದವು. ಇದಕ್ಕೂ ಮುಂಚಿನ ದೊಡ್ಡ ಉದಾಹರಣೆ 1989ರ ಮಾರ್ಚ್‌ನದು, ರಾಜೀವ್ ಗಾಂಧಿ ಕಾಲದಲ್ಲಿ ಒಂದೇ ದಿನ 63 ಸಂಸದರನ್ನು ಹೊರಗಿಟ್ಟದ್ದು.

2025ರ ಮಾರ್ಚ್ 21ರಂದು ಬೆಂಗಳೂರಿನಲ್ಲಿ ಬಿಜೆಪಿ ಶಾಸಕರು ಸ್ಪೀಕರ್ ಪೀಠದ ಬಳಿ ನುಗ್ಗಿ ಕಾಗದ ಹರಿದು ಎಸೆದರು. ಇದು ಶಿಕ್ಷೆಗೆ ಅರ್ಹವಾದ ನಡತೆಯೇ. ಆದರೆ ಅದು ಅಧಿವೇಶನದ ಕೊನೆಯ ದಿನ, ಶಿಕ್ಷೆ ಆರು ತಿಂಗಳು. ಮಹಾರಾಷ್ಟ್ರದಲ್ಲಿ 12 ಬಿಜೆಪಿ ಶಾಸಕರನ್ನು ಒಂದು ವರ್ಷ ಹೊರಗಿಟ್ಟಿದ್ದ ಪ್ರಕರಣದಲ್ಲಿ, ಅಧಿವೇಶನ ಮೀರಿದ ಅಮಾನತು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2022ರ ಜನವರಿ 28ರಂದೇ ತೀರ್ಪು ಕೊಟ್ಟಿದೆ. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಶಿಕ್ಷೆ ಶಾಸಕನಿಗಲ್ಲ, ಪ್ರತಿನಿಧಿ ಇಲ್ಲದೆ ಉಳಿಯುವ ಕ್ಷೇತ್ರಕ್ಕೆ ಎಂಬುದು. ಬೆಂಗಳೂರಿನ 18ರಲ್ಲಿ ಉಡುಪಿ, ಮಂಗಳೂರು ಉತ್ತರ, ಮೂಡುಬಿದಿರೆಯ ಶಾಸಕರೂ ಇದ್ದರು. ಕಡಲ್ಕೊರೆತವೋ ಮೀನುಗಾರಿಕೆಯೋ ಚರ್ಚೆಗೆ ಬಂದರೆ ಆ ಊರುಗಳ ಪರ ಏಳುವವರು ಯಾರು? ಮೇ ತಿಂಗಳಲ್ಲಿ ಅಮಾನತು ವಾಪಸಾಯಿತು. ನನ್ನ ದೃಷ್ಟಿಯಲ್ಲಿ ಆರು ತಿಂಗಳ ಆ ಆದೇಶ ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಮಹಾರಾಷ್ಟ್ರದ ತೀರ್ಪನ್ನು ಸ್ವಾಗತಿಸಿದ ಬಿಜೆಪಿಯ ಸರ್ಕಾರವೇ ದೆಹಲಿಯಲ್ಲಿ 146 ಮಂದಿಯನ್ನು ಹೊರಗಿಟ್ಟಿತು, ದೆಹಲಿಯಲ್ಲಿ ಕಣ್ಣೀರು ಹಾಕಿದ ಕಾಂಗ್ರೆಸ್ಸಿನದೇ ಸರ್ಕಾರ ಇರುವಾಗ ಬೆಂಗಳೂರಿನಲ್ಲಿ 18 ಮಂದಿ ಹೊರಗಾದರು.

ಮುಂದಿನ ಸಲ ಇಂಥದ್ದು ಬಂದಾಗ ಸಂಜೆಯ ಮಾತಿನಲ್ಲಿ ನಾಲ್ಕು ಪ್ರಶ್ನೆ ಕೇಳಿ ನೋಡಿ. ತೀರ್ಮಾನ ಕೈಗೊಂಡವರು ಯಾರು? ಎಷ್ಟು ದಿನಕ್ಕೆ, ಮತ್ತು ಅಷ್ಟು ದಿನ ನಿಜವಾಗಿ ಬೇಕೇ? ಆ ಹೊತ್ತಿನಲ್ಲಿ ಸದನದ ಮುಂದೆ ಯಾವ ವಿಷಯ ಬಾಕಿ ಇತ್ತು? ಕಾರಣವನ್ನು ಲಿಖಿತವಾಗಿ ಕೊಟ್ಟಿದ್ದಾರೆಯೇ? ಈ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಪಕ್ಷದ ಹೆಸರು ಹೇಳಿಕೊಳ್ಳಿ.

ಸುಧಾರಣೆಗಳಲ್ಲಿ ಹುರುಳು ಯಾವುದರಲ್ಲಿದೆ

ವರ್ಷಕ್ಕೆ ಇಷ್ಟು ದಿನ ಸದನ ನಡೆಯಲೇಬೇಕು ಎಂಬುದು ಹಳೆಯ ಬೇಡಿಕೆ. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಆಯೋಗ 2002ರಲ್ಲಿ ಲೋಕಸಭೆಗೆ 120, ರಾಜ್ಯಸಭೆಗೆ 100 ದಿನ ಸೂಚಿಸಿತ್ತು. ಕರ್ನಾಟಕದಲ್ಲಿ ಇದಕ್ಕೆ ಕಾನೂನೇ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಧರಂಸಿಂಗ್ ಸಮ್ಮಿಶ್ರ ಸರ್ಕಾರದ ಕಾಲದ 2005ರ ಕಾಯ್ದೆಯಂತೆ ನಮ್ಮ ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು. ಅಲ್ಲಿಂದೀಚೆಗೆ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರೂ ಅಧಿಕಾರ ನಡೆಸಿವೆ. ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆ ಮುಟ್ಟಿಲ್ಲ. ಪಾಲಿಸದಿದ್ದರೆ ಏನಾಗುತ್ತದೆ ಎಂದು ಕಾಯ್ದೆಯಲ್ಲಿ ಹೇಳಿಲ್ಲದಿರುವುದೇ ಇದಕ್ಕೆ ಕಾರಣ. ಇನ್ನೊಂದು ಅಪಾಯವೂ ಇದೆ: ಹತ್ತು ನಿಮಿಷ ಸೇರಿ ಎದ್ದರೂ ಲೆಕ್ಕಕ್ಕೆ ಒಂದು ದಿನ. ಹಾಗಾಗಿ ದಿನಗಳ ಜೊತೆ ಗಂಟೆಯೂ, ವರ್ಷದ ಮೊದಲೇ ಪ್ರಕಟವಾಗುವ ವೇಳಾಪಟ್ಟಿಯೂ ಬೇಕು. ಇಷ್ಟಾದರೂ ಹೊಸ ಸಂವಿಧಾನ ತಿದ್ದುಪಡಿ ಬೇಡ, ಇರುವ ಕಾಯ್ದೆಯನ್ನು ಗಟ್ಟಿ ಮಾಡಿದರೆ ಸಾಕು. ನನಗೆ ಎಲ್ಲಕ್ಕಿಂತ ಹತ್ತಿರದ ದಾರಿಯಾಗಿ ಕಾಣುವುದು ಇದು.

ಸದಸ್ಯರೇ ಸದನ ಕರೆಸುವ ಹಕ್ಕು ಇನ್ನೊಂದು. ಜರ್ಮನಿಯಲ್ಲಿ ಮೂರನೇ ಒಂದು ಭಾಗ, ಪಾಕಿಸ್ತಾನದಲ್ಲಿ ನಾಲ್ಕನೇ ಒಂದು ಭಾಗ ಸದಸ್ಯರು ಕೇಳಿದರೆ ಸದನ ಕರೆಯಲೇಬೇಕು. ಅಷ್ಟು ದೂರ ಹೋಗುವುದೇ ಬೇಡ. ನಮ್ಮ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯ ಮೂರನೇ ಒಂದು ಭಾಗ ಸದಸ್ಯರು ಲಿಖಿತವಾಗಿ ಕೇಳಿದರೆ ಅಧ್ಯಕ್ಷರು ವಿಶೇಷ ಸಭೆ ಕರೆಯಬೇಕು. ಹೊನ್ನಾವರದ ಒಂದು ಪಂಚಾಯಿತಿ ಸದಸ್ಯೆಗೆ ಇರುವ ಈ ಹಕ್ಕು ಜಿಲ್ಲೆಯ ಆರು ಶಾಸಕರಲ್ಲಿ ಒಬ್ಬರಿಗೂ ಇಲ್ಲ, ಸಂಸದರಿಗೂ ಇಲ್ಲ. ದುರುಪಯೋಗ ಆಗಬಹುದು, ಕೆಲಸವಿಲ್ಲದಿದ್ದರೂ ಸದನ ಕರೆಸಿ ಸರ್ಕಾರವನ್ನು ಕಾಡಬಹುದು. ವರ್ಷಕ್ಕೆ ಇಷ್ಟೇ ಸಲ, ಇಂಥದ್ದೇ ವಿಷಯಕ್ಕೆ ಎಂದು ಮಿತಿ ಹಾಕಿದರೆ ಅದು ತಪ್ಪುತ್ತದೆ.

ಮುಕ್ತಾಯಕ್ಕೆ ಸದನದ ಒಪ್ಪಿಗೆ ಬೇಕು ಎಂಬ ಸಲಹೆ ಕೇಳಲು ಚೆನ್ನ. ಆದರೆ ಬಹುಮತದ ಸರ್ಕಾರ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆಜ್ಞೆ, ಕೊಟ್ಟು ಪಾಸು ಮಾಡಿಸಿಕೊಳ್ಳುತ್ತದೆ. ಇಂಗ್ಲೆಂಡಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. 2019ರ ಸೆಪ್ಟೆಂಬರ್ 3ರಂದು ಜಾನ್ಸನ್ ವಿರುದ್ಧ ಮತ ಹಾಕಿದ 21 ಸ್ವಪಕ್ಷೀಯರನ್ನು ಸಂಸದೀಯ ಪಕ್ಷದಿಂದ ಹೊರಹಾಕಿದರು, ಆದರೆ ಅವರು ಸಂಸದರಾಗಿಯೇ ಉಳಿದರು. ಇಲ್ಲಿ ಸಂವಿಧಾನದ ಹತ್ತನೇ ಅನುಸೂಚಿಯಡಿ, ಅಂದರೆ ಪಕ್ಷಾಂತರ ನಿಷೇಧ ಕಾನೂನಿನಡಿ, ಸ್ಥಾನವೇ ಹೋಗುತ್ತದೆ. 2019ರಲ್ಲಿ ಅನರ್ಹರಾದ 17 ಶಾಸಕರಲ್ಲಿ ನಮ್ಮ ಯಲ್ಲಾಪುರದವರೂ ಇದ್ದುದು ನಿಮಗೆ ನೆನಪಿರಬಹುದು. ಪಕ್ಷಾಂತರ ತಡೆಯಲು 1985ರಲ್ಲಿ ಬಂದ ಈ ಕಾನೂನು ಪಕ್ಷಾಂತರವನ್ನು ಸರಿಯಾಗಿ ತಡೆಯಲಿಲ್ಲ, ಆದರೆ ಸದನದ ಹಕ್ಕಿನ ವಿಷಯದಲ್ಲೂ ಸದಸ್ಯ ಪಕ್ಷದ ವಿರುದ್ಧ ಕೈ ಎತ್ತದಂತೆ ಮಾಡಿತು. ವಿಪ್ ಅನ್ನು ವಿಶ್ವಾಸಮತ, ಹಣಕಾಸು ಮಸೂದೆಯಂಥವುಗಳಿಗೆ ಸೀಮಿತ ಮಾಡಿದರೆ, ಸದಸ್ಯರ ಅಮಾನತಿನ ನಿರ್ಣಯದಲ್ಲಾದರೂ ಆತ್ಮಸಾಕ್ಷಿಯ ಮತಕ್ಕೆ ಜಾಗ ಸಿಗುತ್ತದೆ. ಸರ್ಕಾರಗಳು ಅಸ್ಥಿರವಾಗುತ್ತವೆ ಎಂಬ ಭಯ ವಿಶ್ವಾಸಮತಕ್ಕೆ ವಿಪ್ ಉಳಿಸಿಕೊಂಡರೆ ಬಹುಮಟ್ಟಿಗೆ ತಪ್ಪುತ್ತದೆ.

ಕಾರಣ ಕೊಡುವುದನ್ನು ಕಡ್ಡಾಯ ಮಾಡಬೇಕು ಎನ್ನುವವರಿದ್ದಾರೆ. ಕೆನಡಾ 2017ರಲ್ಲಿ ಮಾಡಿದೆ: ಸದನ ಮರಳಿದ 20 ಬೈಠಕ್ಕುಗಳೊಳಗೆ ಸರ್ಕಾರ ವರದಿ ಮಂಡಿಸಬೇಕು. 2020, 2025 ಎರಡನ್ನೂ ಅದು ತಡೆಯಲಿಲ್ಲ. ಕೋರ್ಟನ್ನು ನಂಬಿಕೊಂಡರೆ ಸಮಯದ ತೊಂದರೆ. ಲಂಡನ್‌ನಲ್ಲಿ ನಾಲ್ಕು ವಾರದಲ್ಲಿ ತೀರ್ಪು ಬಂತು, ಮಹಾರಾಷ್ಟ್ರದ ಶಾಸಕರಿಗೆ ಆರು ತಿಂಗಳಿಗೂ ಹೆಚ್ಚು ಹಿಡಿಯಿತು. ಏಕಕಾಲದ ಚುನಾವಣೆಯ ಮಸೂದೆಯನ್ನು ಇದಕ್ಕೆ ಮದ್ದೆಂದು ಹೇಳುವುದು ತಪ್ಪು. ಅದು ವಿಸರ್ಜನೆ ಮತ್ತು ಅವಧಿಗೆ ಸಂಬಂಧಿಸಿದ್ದು, ಸದನ ಎಷ್ಟು ದಿನ ಸೇರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನಿಮ್ಮ ಆಸ್ಪತ್ರೆಯ ವಿಷಯ

ಸದನದಲ್ಲಿ ಶಾಸಕರು ಪ್ರಶ್ನೆಯ ಸೂಚನೆ ಕೊಟ್ಟು, ಅದು ಉತ್ತರಕ್ಕೆ ಬರುವ ಮೊದಲು ಅಧಿವೇಶನ ಮುಗಿದಿದ್ದರೆ ಮತ್ತೆ ಕೊಡಬೇಕು ಎಂದಿಟ್ಟುಕೊಂಡೇ ಕೆಲಸ ಮಾಡಿ. ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಶಾಸಕರ ಕಚೇರಿಗೆ ನೆನಪಿಸಿ. ಲೋಕಸಭೆಯಲ್ಲಾದರೆ ಕನಿಷ್ಠ 15 ಪೂರ್ಣ ದಿನ ಮುಂಚೆ ಸೂಚನೆ ತಲುಪಿರಬೇಕು, ತಡವಾದರೆ ಆ ದಿನದ ಪಟ್ಟಿಗೆ ಸೇರುವುದಿಲ್ಲ. ‘ಆಸ್ಪತ್ರೆ ಯಾವಾಗ’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬರುತ್ತದೆ. ಜಾಗ ಗುರುತಾಗಿದೆಯೇ, ಯೋಜನಾ ವರದಿ ಯಾವ ಇಲಾಖೆಯಲ್ಲಿದೆ, ಈ ವರ್ಷದ ಬಜೆಟ್‌ನಲ್ಲಿ ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟು ಇಟ್ಟಿದೆ, ಎಷ್ಟು ಬಿಡುಗಡೆಯಾಗಿದೆ ಎಂದು ಬಿಡಿಬಿಡಿಯಾಗಿ ಬರೆದುಕೊಡಿ.

ಸಚಿವರು ‘ಪರಿಶೀಲಿಸುತ್ತೇವೆ’, ‘ಕ್ರಮ ಕೈಗೊಳ್ಳುತ್ತೇವೆ’ ಎಂದಿದ್ದರೆ ಅದನ್ನು ಬಿಡಬೇಡಿ. ಸದನದಲ್ಲಿ ಆಡಿದ ಇಂಥ ಮಾತು ಭರವಸೆಯಾಗಿ ದಾಖಲಾಗಬಲ್ಲದು, ಅಧಿವೇಶನ ಮುಗಿದರೂ ಉಳಿಯುತ್ತದೆ. ಅದನ್ನು ಬೆನ್ನುಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಈಡೇರಿಕೆಗೆ ಮೂರು ತಿಂಗಳ ಗಡುವೂ ಇದೆ. ಉತ್ತರ ಕೊಟ್ಟ ದಿನಾಂಕ, ಪ್ರಶ್ನೆಯ ಸಂಖ್ಯೆ, ಸಚಿವರ ಮಾತು ಇಷ್ಟನ್ನು ಬರೆದು, ಇದು ಸಮಿತಿಯ ಪಟ್ಟಿಯಲ್ಲಿದೆಯೇ ಎಂದು ಶಾಸಕರ ಮೂಲಕ ಕೇಳಿಸಿ.

ಕೊನೆಯದಾಗಿ ಅರ್ಜಿಗಳ ಸಮಿತಿ. ವಿಧಾನಸಭೆಯಲ್ಲೂ ಲೋಕಸಭೆಯಲ್ಲೂ ಇದೆ. ಅರ್ಜಿಯನ್ನು ಸದನಕ್ಕೆ ಸಂಬೋಧಿಸಿ ಬರೆಯಬೇಕು, ಬೇಡಿಕೆ ಒಂದೇ ಮತ್ತು ಖಚಿತವಾಗಿರಬೇಕು, ಸಹಿ ಮತ್ತು ವಿಳಾಸ ಇರಬೇಕು, ಕೋರ್ಟಿನಲ್ಲಿರುವ ವಿಷಯ ಆಗಿರಬಾರದು. ಸದಸ್ಯರ ಮೂಲಕ ಮಂಡಿಸುವುದಾದರೆ ಅವರ ಮೇಲುಸಹಿ ಬೇಕು. ಲೋಕಸಭೆಯ ಅರ್ಜಿಗೆ ಪತ್ರ, ಪ್ರಮಾಣಪತ್ರ, ಬೇರೆ ಕಾಗದಗಳನ್ನು ಲಗತ್ತಿಸುವಂತಿಲ್ಲ. ಪತ್ರಿಕೆಯ ಕತ್ತರಿಕೆಗಳನ್ನೆಲ್ಲ ಪಿನ್ ಮಾಡಿ ಕಳಿಸಿದ ಅರ್ಜಿ ನಿಯಮಕ್ಕೆ ಹೊಂದುವುದಿಲ್ಲ, ಹೇಳಬೇಕಾದ್ದನ್ನು ಅರ್ಜಿಯೊಳಗೇ ಹೇಳಿ. ನಿಮ್ಮ ಸಂಜೆಯ ಗುಂಪಿನಲ್ಲಿ ಬೇರೆ ಬೇರೆ ಪಕ್ಷದವರಿದ್ದೀರಿ. ಎಲ್ಲರೂ ಒಂದೇ ಅರ್ಜಿಗೆ ಸಹಿ ಹಾಕಿ, ಆಸ್ಪತ್ರೆಗೊಂದು, 60 ದಿನದ ಕಾಯ್ದೆಯ ಪಾಲನೆಗೆ ಬೇರೊಂದು ಎಂದು ಎರಡು ಪ್ರತ್ಯೇಕ ಅರ್ಜಿ ಮಾಡಿ, ಕುಮಟಾ ಕ್ಷೇತ್ರದ ಶಾಸಕರ ಕೈಗೇ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.